ಗುರುವಾರ ಹೊರಡುವುದು

ಅರ್ಡಿಸ್ ಟ್ರಕ್ಕಿನ ಹಿಂದಿನ ತೊಟ್ಟಿಗೆ ಹತ್ತಿ ನಿಂತು ಡೇರೆಯ ಗಂಟನ್ನು ಕಾಲಿನಿಂದ ಅಂಚಿಗೆ ನೂಕುತ್ತಿದ್ದಳು. ಮಣ್ಣಿಗೆ ಹೋಗಲೆಂದು ಹಾಕಿಕೊಂಡಿದ್ದ ಕಪ್ಪು ಉಡುಪಿನ ಮೇಲೆ ಗಂಡನ ಕೆಲಸದ ಅಂಗಿ ತೊಟ್ಟಿದ್ದಳು. ಎರಡು ನೀರಿನ ಡಬ್ಬ, ಸ್ಟೆಪ್ನಿ ಚಕ್ರ, ಪಾತ್ರೆಯ ಪೆಟ್ಟಿಗೆ ಆಗಲೇ ಹುಲ್ಲಿನ ಮೇಲೆ ಇಳಿದಿದ್ದವು. ಎಪ್ಪತ್ತಾರು ವರ್ಷದ ಹೆಂಗಸು ಇಷ್ಟನ್ನೂ ಒಬ್ಬಳೇ ಇಳಿಸಿದ್ದಳು.

ಮಗ ಕರ್ಟ್ ಟೈ ಬಿಗಿದುಕೊಳ್ಳುತ್ತ ಹೊರಗೆ ಬಂದ.

“ಅಮ್ಮ, ಏನ್ ಮಾಡ್ತಿದ್ದೀಯ? ಹತ್ತಕ್ಕೆ ಚರ್ಚಲ್ಲಿ ಪೂಜೆ.”

“ನಿಮ್ಮಪ್ಪಂಗೆ ಜಾಗ ಮಾಡ್ತಿದ್ದೀನಿ.”

“ಮೆರ್ಲ್ ಶವದ ಗಾಡಿ ತರ್ತಾನೆ. ಎಲ್ಲ ಮಾತಾಡಿ ಆಗಿದೆ.”

“ನೀನು ಮಾತಾಡಿದ್ದೀಯ. ನಾನು ಮಾತಾಡಿಲ್ಲ. ಈ ಡೇರೆ ಹಿಡ್ಕೊ. ಎಲ್ಲಾನೂ ನಿನ್ನ ಕಾರಿನ ಡಿಕ್ಕೀಲಿಡು. ಜೋಪಾನ, ಒಂದು ಚಮಚನೂ ಕಳೀಬಾರ್ದು.”

ನಮ್ಮೂರಿನಲ್ಲಿ ಸತ್ತವರನ್ನೆಲ್ಲ ಮಣ್ಣು ಮಾಡಿಸುವವನು ಮೆರ್ಲ್. ಅವನೂ ಆ ಹೊತ್ತಿಗೆ ಬಂದಿದ್ದ. ಕರ್ಟ್ ಅವನ ಕಡೆ ತಿರುಗಿ, ನೀನಾದರೂ ಹೇಳು ಎಂಬಂತೆ ನೋಡಿದ. ಮೆರ್ಲ್ ಜೇಬಿನಿಂದ ಟೇಪು ತೆಗೆದು ತೊಟ್ಟಿಯ ಉದ್ದ ಅಳೆದ.

“ಬೇಡ ಅನ್ನೋಕೆ ಕಾನೂನಿಲ್ಲ ಕರ್ಟ್. ಹೋದ ವರ್ಷ ಒಬ್ಬರನ್ನ ಹುಲ್ಲು ಸಾಗಿಸೋ ಗಾಡೀಲೇ ಒಯ್ದೆ. ಪೆಟ್ಟಿಗೆ ಏಳಡಿ, ಇದು ಎಂಟಡಿ. ಕೂರುತ್ತೆ.”

“ದಾರೀಲಿ ಕೆಟ್ಟು ನಿಂತ್ರೆ?”

“ನಾನು ಖಾಲಿ ಗಾಡಿ ತಗೊಂಡು ಹಿಂದೇನೇ ಬರ್ತೀನಿ.”

“ಸರಿ, ನಾನು ಓಡಿಸ್ತೀನಿ.”

“ಗೇರು ಸ್ಟಿಯರಿಂಗ್ ಹತ್ರ ಇದೆ,” ಎಂದಳು ಅರ್ಡಿಸ್. “ಮೂರೇ ಗೇರು. ಒಂದೊಂದಕ್ಕೂ ಕ್ಲಚ್ ಎರಡೆರಡು ಸಲ ತುಳೀಬೇಕು. ನಿನಗೆ ಬರುತ್ತಾ?”

ಬರುತ್ತಿರಲಿಲ್ಲ. ಅವಳ ಗಂಡ ಲ್ಯಾಡಿ ಪೊಸ್ಪಿಶಿಲ್ ಬದುಕಿರುವವರೆಗೆ ಐವತ್ಮೂರರ ಮಾಡೆಲ್ಲಿನ ಆ ಹಸಿರು ಟ್ರಕ್ಕಿನ ಸ್ಟಿಯರಿಂಗನ್ನು ಮಗನಿಗಿರಲಿ, ಹೆಂಡತಿಗೂ ಮುಟ್ಟಗೊಟ್ಟವನಲ್ಲ. ಆದರೆ ಅವಳು ಹನ್ನೊಂದರ ವಯಸ್ಸಿನಲ್ಲೇ ತನ್ನಪ್ಪನ ಹೊಲದಲ್ಲಿ ಅಂಥದ್ದೇ ಗಾಡಿ ಓಡಿಸಿದ್ದಳು. ಅದನ್ನು ಗಂಡನಿಗೆ ಹೇಳಿಯೂ ಇದ್ದಳು, ಅವನು ಕೇಳಿಸಿಕೊಂಡಿರಲಿಲ್ಲ.

ಕರ್ಟ್ ಡೇರೆಯನ್ನು ಎತ್ತಿಕೊಂಡ. “ನಾಳೆ ಇದನ್ನ ಕೊಳ್ಳೋಕೆ ಲಿಂಕನ್ ಊರಿನವನು ಬರ್ತಾನೆ ಅಮ್ಮ. ಹಳೇ ಗಾಡಿ ಅಂದ್ರೆ ಅವನಿಗೆ ಪ್ರಾಣ. ಇವತ್ತು ಇದಕ್ಕೇನಾದ್ರೂ ಆದ್ರೆ ನಾನೇನ್ ಹೇಳ್ಲಿ? ಭಾನುವಾರ ನೀನು ನಮ್ಮ ಜೊತೆ ಒಮಾಹಾಗೆ ಬರ್ತೀಯ. ಕೆಳಗಿನ ರೂಮಿಗೆ ಶೆರಿ ಬಣ್ಣ ಹೊಡಿಸಿದ್ದಾಳೆ.”

“ನೆಲಮಾಳಿಗೆ ಅನ್ನು. ಅಲ್ಲಿ ಇಡೋದು ಆಲೂಗಡ್ಡೆನ.”

“ಈ ವಯಸ್ಸಲ್ಲಿ ಒಬ್ಬಳೇ ಇದನ್ನಿಟ್ಕೊಂಡು ಏನ್ ಮಾಡ್ತೀಯ?”

ಅರ್ಡಿಸ್ ತೊಟ್ಟಿಯನ್ನು ಗುಡಿಸತೊಡಗಿದಳು. ಉತ್ತರ ಅವಳಲ್ಲಿತ್ತು. ಆದರೆ ಅವನು ಅಪ್ಪನ ಮಗ, ಹೇಳಿದರೆ ಕೂತು ಲೆಕ್ಕ ಹಾಕಲು ಶುರು ಮಾಡುತ್ತಾನೆ ಎಂದು ಬಾಯಿ ಬಿಡಲಿಲ್ಲ.

* * *

ಲ್ಯಾಡಿ ಮೂವತ್ತೆಂಟು ವರ್ಷ ನಮ್ಮ ಶಾಲೆಯ ಬಸ್ಸುಗಳ ಮೆಕ್ಯಾನಿಕ್ಕಾಗಿದ್ದ. ಮಂಡಿಯುದ್ದ ಹಿಮ ಬಿದ್ದ ದಿನವೂ ಅವನ ಬಸ್ಸು ದಾರಿಯಲ್ಲಿ ನಿಂತದ್ದಿಲ್ಲ. ಊರಿನ ಅರ್ಧ ಜನ ಆ ಬಸ್ಸುಗಳಲ್ಲಿ ಶಾಲೆಗೆ ಹೋಗಿಯೇ ಅಕ್ಷರ ಕಲಿತವರು. ಎಲ್ಲೆಲ್ಲಿ ಏನೇನು ಕೆಡಬಹುದು ಎಂಬುದು ಅವನಿಗೆ ಅಂಗೈ ಮೇಲಿನ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಅದೇ ಅವನ ಬುದ್ಧಿ, ಅದೇ ಅವನ ರೋಗ.

ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಟ್ರಕ್ಕನ್ನು ಅವನು ಎಳೆದು ತಂದದ್ದು ತೊಂಬತ್ತೊಂದರಲ್ಲಿ. ಅದೇ ಚಳಿಗಾಲ ಅಡಿಗೆಮನೆಯ ಗೋಡೆಗೆ ದೇಶದ ನಕ್ಷೆ ಬಂತು. ಬೇಸಿಗೆಯಲ್ಲಿ ಇಬ್ಬರೂ ಇದರಲ್ಲೇ ದೇಶ ದಾಟುವುದು ಎಂದಾಯಿತು. ಅಲ್ಲಿಂದ ಮುಂದೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

“ದೇಶ ದಾಟೋದು ಅಂದ್ರೆ ಈ ಸಮುದ್ರದಿಂದ ಆ ಸಮುದ್ರಕ್ಕೆ. ಮೊದಲು ಪೂರ್ವಕ್ಕೆ ಹೋಗಿ ಅಲ್ಲಿಂದ ಶುರು ಮಾಡ್ಬೇಕು,” ಎನ್ನುತ್ತಿದ್ದ ಲ್ಯಾಡಿ.

“ನಾವಿರೋದೇ ನಟ್ಟನಡುವೆ. ಅದು ನನ್ನ ತಪ್ಪಾ? ಪಶ್ಚಿಮಕ್ಕೆ ಹೋಗೋಣ. ನಾನು ಒಂದು ಸಲ ಸಮುದ್ರದಲ್ಲಿ ಕಾಲಿಡ್ಬೇಕು, ಅಷ್ಟೆ.”

“ಅರ್ಧದಿಂದ ಶುರು ಮಾಡಿದ್ರೆ ಅದು ಅರ್ಧ ದಾಟಿದ ಹಾಗೆ.”

ಈ ಒಂದು ಜಗಳಕ್ಕೇ ಆರು ಚಳಿಗಾಲ ಹಿಡಿಯಿತು. ಕೊನೆಗೆ ಪಶ್ಚಿಮ ಗೆದ್ದಿತು. ಆಮೇಲೆ ದಿನಕ್ಕೆ ಎಷ್ಟು ಮೈಲಿ, ಎಲ್ಲಿ ರೇಡಿಯೇಟರಿಗೆ ನೀರು, ಮಧ್ಯಾಹ್ನ ಯಾವ ಮರದ ನೆರಳು. ಸೀಸದ ಕಡ್ಡಿಯಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ವಯೋಮಿಂಗಿನ ಬೆಟ್ಟಗಳ ಹತ್ತಿರ ನಕ್ಷೆಯ ಕಾಗದ ತೂತು ಬಿದ್ದಿತ್ತು. ಪ್ರತಿ ಮೇ ತಿಂಗಳಲ್ಲಿ ಅರ್ಡಿಸ್ ಪೆಟ್ಟಿಗೆ ತುಂಬುವಳು, ಪ್ರತಿ ಜುಲೈಯಲ್ಲಿ ಖಾಲಿ ಮಾಡುವಳು. ಬಸ್ಸುಗಳ ರಿಪೇರಿ ನಡೆಯುವುದೂ ಬೇಸಿಗೆಯಲ್ಲೇ ತಾನೆ. ನಿವೃತ್ತಿಯಾದ ಮೇಲೆ ಅವನ ತಾಯಿಯ ಕಾಯಿಲೆ, ಆಮೇಲೆ ಅವನ ಮಂಡಿ, ಆಮೇಲೆ ಸಿಗದ ಒಂದು ಬೇರಿಂಗು.

ಈ ವರ್ಷ ಮಾತ್ರ ಅವನೇ ಕ್ಯಾಲೆಂಡರಿನಲ್ಲಿ ಶಾಯಿಯಿಂದ ಬರೆದಿದ್ದ: ಜೂನ್ ಹನ್ನೆರಡು, ಗುರುವಾರ, ಹೊರಡುವುದು. ಅದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ ಬೆಳಿಗ್ಗೆ, ಗ್ಯಾರೇಜಿನಲ್ಲಿ ಟ್ರಕ್ಕಿನ ಪಕ್ಕದ ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ.

ದೂರದ ನೆಂಟರಿಗೆ ಅನುಕೂಲವಾಗಲಿ, ಶನಿವಾರ ಮಣ್ಣು ಮಾಡೋಣ ಎಂದ ಕರ್ಟ್. ಅರ್ಡಿಸ್, ಗುರುವಾರ ಎಂದಳು. ಎರಡನೆಯ ಮಾತಿಲ್ಲ.

* * *

ಪೂಜೆ ಮುಗಿದು ಆರು ಜನ ಪೆಟ್ಟಿಗೆಯನ್ನು ಹೊತ್ತು ತಂದು ಹಸಿರು ಟ್ರಕ್ಕಿನಲ್ಲಿಟ್ಟರು. ಮೆರ್ಲ್ ನಾಲ್ಕೂ ಕಡೆ ಪಟ್ಟಿ ಬಿಗಿದ. ಹೊತ್ತವರಲ್ಲಿ ಡೆಲ್ಬರ್ಟ್ ಒಬ್ಬ. ನಲವತ್ತು ವರ್ಷ ದಿನಾ ಬೆಳಿಗ್ಗೆ ಲ್ಯಾಡಿಯ ಎದುರು ಕೂತು ಕಾಫಿ ಕುಡಿದವನು, ನಲವತ್ತು ವರ್ಷವೂ ಗೇಲಿ ಮಾಡಿದವನು. ಈಗ ಉಸಿರು ಸರಿಮಾಡಿಕೊಂಡು ಟ್ರಕ್ಕಿನ ಬಾಗಿಲಿಗೆ ಒರಗಿದ.

“ಅಂತೂ ಪ್ರಯಾಣ ಹೊರಟ ನೋಡು. ಎರಡು ಮೈಲಿ.”

“ಎರಡಾದ್ರೂ ಆಗ್ತಿದೆ,” ಎಂದಳು ಅರ್ಡಿಸ್. “ನೀನು ಹೋದಾಗ ನಿನ್ನ ಆ ಮೀನಿನ ದೋಣೀಲಿ ಒಯ್ತಾರಾ ಡೆಲ್ಬರ್ಟ್? ಅದು ನೀರು ಕಂಡು ಎಷ್ಟು ವರ್ಷ ಆಯ್ತು?”

ಸುತ್ತ ನಿಂತವರು ನಕ್ಕರು. ಡೆಲ್ಬರ್ಟನೂ ನಕ್ಕ. ಆಮೇಲೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. “ನಾಳೆ ಬೆಳಿಗ್ಗೆ ಯಾರನ್ನ ಬಯ್ಲಿ ಹೇಳು,” ಎಂದ.

“ತೊಂಬತ್ತೆಂಟರಲ್ಲಿ ಹೊರಟಿದ್ರಲ್ಲ ನೀವು,” ಎಂದಳು ಹಿಂದೆ ನಿಂತಿದ್ದ ಯಾರೋ ಹೆಂಗಸು. “ಕೌಂಟಿ ಗಡೀವರೆಗೆ.”

ಅರ್ಡಿಸ್ ಆ ಮಾತು ಕೇಳಿಸದವಳಂತೆ ಬಾಗಿಲು ಎಳೆದುಕೊಂಡಳು.

* * *

ಹೌದು, ಹೊರಟಿದ್ದರು. ಬೆಳಗಿನ ತಂಪಿನಲ್ಲಿ, ಫ್ಲಾಸ್ಕಿನಲ್ಲಿ ಕಾಫಿ, ಅವಳ ಮಡಿಲಲ್ಲಿ ಬೇಯಿಸಿದ ಮೊಟ್ಟೆ. ಆರು ಮೈಲಿಗೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಗಡಿಯ ಹಲಗೆ ಕಂಡಿತು. ಲ್ಯಾಡಿ ಬ್ರೇಕು ತುಳಿದ.

“ಸದ್ದು ಕೇಳ್ತಾ?”

“ಯಾವ ಸದ್ದು? ಇಲ್ವಲ್ಲ.”

“ಹಿಂದಿನ ಎಡ ಚಕ್ರ. ಬೆಟ್ಟದ ಮೇಲೆ ಹೋಗಿ ಕೈ ಕೊಟ್ರೆ? ನೀನಿದ್ದೀಯ ಜೊತೇಲಿ. ನಾಳೆ ನೋಡಿ ಹೊರಡೋಣ.”

ಟ್ರಕ್ಕು ತಿರುಗಿತು. ಆ ನಾಳೆ ಬರಲಿಲ್ಲ. ಅರ್ಡಿಸ್ ಹನ್ನೊಂದು ದಿನ ಅವನೊಡನೆ ಮಾತಾಡಲಿಲ್ಲ, ಹನ್ನೆರಡನೆಯ ದಿನ ಮಾತಾಡಿದಾಗ ಹೇಳಿದ್ದು ಒಂದೇ: “ಸದ್ದು ಚಕ್ರದಲ್ಲಿರ್ಲಿಲ್ಲ. ನಿನ್ನ ಎದೇಲಿತ್ತು.” ಅವನು ತಲೆ ತಗ್ಗಿಸಿ ಸೂಪು ಕುಡಿದ. ಆ ತಗ್ಗಿಸಿದ ತಲೆಯನ್ನು ಅವಳು ಎಂದೂ ಪೂರ್ತಿ ಕ್ಷಮಿಸಲಿಲ್ಲ. ಪ್ರೀತಿಸಿದಳು, ಕ್ಷಮಿಸಲಿಲ್ಲ.

* * *

ಹಸಿರು ಟ್ರಕ್ಕು ಮುಂದೆ, ಮೆರ್ಲ್‌ನ ಖಾಲಿ ಗಾಡಿ ಹಿಂದೆ, ಅದರ ಹಿಂದೆ ಡೆಲ್ಬರ್ಟ್, ಆಮೇಲೆ ಇಪ್ಪತ್ತು ಕಾರು. ನಡುಹಗಲಲ್ಲಿ ಎಲ್ಲದರ ದೀಪವೂ ಉರಿಯುತ್ತಿತ್ತು. ಹೆದ್ದಾರಿಯಲ್ಲಿ ಎದುರು ಬಂದ ಗಾಡಿಗಳು ಪಕ್ಕಕ್ಕೆ ನಿಂತವು, ಒಳಗಿದ್ದವರು ಟೋಪಿ ತೆಗೆದರು. ನಮ್ಮಲ್ಲಿ ಶವದ ಮೆರವಣಿಗೆಗೆ ಒಂದೇ ನಿಯಮ. ಮುಂದಿನ ಗಾಡಿ ಹೋದ ಕಡೆ ಹೋಗಬೇಕು. ಅದನ್ನು ಹಿಂದೆ ಹಾಕಿದವನ ಮುಖವನ್ನು ಊರು ಮತ್ತೆ ನೋಡುವುದಿಲ್ಲ.

ತಾಯಿಯ ಪಕ್ಕದಲ್ಲಿ ಕೂತಿದ್ದ ಕರ್ಟ್ ಬಲಗಡೆ ಕೈ ತೋರಿಸಿದ. “ಗೇಟು ಬಂತು. ನಿಧಾನ ಮಾಡು.”

ಸ್ಮಶಾನದ ದಿಬ್ಬದ ಮೇಲೆ, ಮುಂಚೆಯೇ ಬಂದಿದ್ದ ಪಾದ್ರಿ ಬಿಳಿ ನಿಲುವಂಗಿಯಲ್ಲಿ ಕಾಯುತ್ತಿದ್ದ.

“ಅಮ್ಮ, ಗೇಟು.”

ಅರ್ಡಿಸ್ ಕ್ಲಚ್ಚು ಎರಡು ಸಲ ತುಳಿದು ಮೂರನೆಯ ಗೇರಿಗೆ ಹಾಕಿದಳು.

“ಗೇಟು ಹೋಯ್ತು,” ಎಂದ ಕರ್ಟ್, ನಂಬಲಾಗದ ದನಿಯಲ್ಲಿ.

“ನೋಡಿದೆ.”

“ಎಲ್ಲಿಗೆ ಹೋಗ್ತಿದ್ದೀಯ? ಹಿಂದೆ ಎಲ್ಲ ಬರ್ತಿದ್ದಾರೆ.”

“ಬರ್ಲೇಬೇಕಲ್ಲ. ಅವನನ್ನ ಗಡಿ ದಾಟಿಸಿ ತರ್ತೀನಿ. ಮೂವತ್ನಾಲ್ಕು ವರ್ಷ ಕಾದಿದ್ದೀನಿ, ಪಾದ್ರಿ ಅರ್ಧ ಗಂಟೆ ಕಾಯ್ಲಿ.”

ಮೆರ್ಲ್ ಒಮ್ಮೆ ಹಾರ್ನ್ ಒತ್ತಿದ. ಮರ್ಯಾದೆಯ ಹಾರ್ನು, ಅರೆಕ್ಷಣದ್ದು. ಮತ್ತೆ ಒತ್ತಲಿಲ್ಲ. ಹಿಂದಿನ ಇಪ್ಪತ್ತೆರಡು ಗಾಡಿಗಳೂ ದೀಪ ಉರಿಸಿಕೊಂಡು, ಒಂದೂ ಹಿಂದೆ ಸರಿಯದೆ, ಜೋಳದ ಹೊಲಗಳ ನಡುವೆ ಪಶ್ಚಿಮಕ್ಕೆ ಹೊರಟವು. ಕೊನೆಯ ಕಾರಿನಲ್ಲಿದ್ದವರು ಹೊಸ ಸ್ಮಶಾನವೇನಾದರೂ ಆಗಿದೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರಂತೆ.

ಗಡಿಯ ಹಲಗೆ ದೂರದಲ್ಲಿ ಕಾಣುವಾಗ ಅರ್ಡಿಸ್ ಕಿವಿಗೊಟ್ಟಳು. ಅವಳ ಮುಖ ಬದಲಾಯಿತು.

“ಸದ್ದು ಕೇಳ್ತಿದೆಯಾ?”

“ಏನೋ ಕಟಕಟ ಅಂತಿದೆ,” ಎಂದ ಕರ್ಟ್.

“ಹಿಂದಿನ ಎಡ ಚಕ್ರ.” ಅವಳ ಕಣ್ಣು ತುಂಬಿತು, ಆದರೆ ಕೈ ಸ್ಟಿಯರಿಂಗ್ ಬಿಡಲಿಲ್ಲ. “ಇತ್ತು ಕಣೋ. ನಿಜವಾಗ್ಲೂ ಇತ್ತು. ಇಪ್ಪತ್ತೇಳು ವರ್ಷ ಅವನನ್ನ ಹೇಡಿ ಅಂದ್ಕೊಂಡಿದ್ದೆ.”

“ಹಾಗಾದ್ರೆ ತಿರುಗಿಸು ಅಮ್ಮ.”

“ಸದ್ದಿದ್ರೇನಾಯ್ತು? ನನ್ನ ಮಂಡಿನೂ ಕಟಕಟ ಅನ್ನುತ್ತೆ. ನಡೀತಿಲ್ವಾ ನಾನು?”

ಹಲಗೆ ಹಿಂದಕ್ಕೆ ಹೋಯಿತು. ಅವಳು ಕುತ್ತಿಗೆ ಹೊರಳಿಸಿ ಹಿಂದಿನ ಗಾಜಿನಲ್ಲಿ ಪೆಟ್ಟಿಗೆಯನ್ನು ನೋಡಿದಳು. “ದಾಟಿದ್ವಿ ಲ್ಯಾಡಿ. ಸದ್ದು ಹಾಕ್ಕೊಂಡೇ ದಾಟಿದ್ವಿ. ಏನಾಯ್ತು ಹೇಳು?”

ಕರ್ಟ್ ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ. “ಅಪ್ಪ ನನ್ನ ಒಂದು ಸಲನೂ ಇದರಲ್ಲಿ ಇಷ್ಟು ದೂರ ಕರ್ಕೊಂಡು ಬಂದಿರ್ಲಿಲ್ಲ,” ಎಂದ.

ಮೊದಲ ಅಡ್ಡರಸ್ತೆಗೆ ಅವಳು ಎಡಕ್ಕೆ ತಿರುಗಿ, ಹೊಲಗಳ ಮಣ್ಣುದಾರಿಯಲ್ಲಿ ಒಂದು ಚೌಕ ಸುತ್ತಿ, ಮತ್ತೆ ಹೆದ್ದಾರಿಗೆ ಬಂದಳು. ಸ್ಮಶಾನ ತಲುಪುವಾಗ ಊರಿನವರ ತೊಳೆದ ಕಾರುಗಳು, ಕಪ್ಪು ಕೋಟುಗಳು ಎಲ್ಲ ಧೂಳು ಹೊದ್ದು ಒಂದೇ ಬಣ್ಣವಾಗಿದ್ದವು. ಪಾದ್ರಿ ಗಡಿಯಾರ ನೋಡಿಕೊಂಡು ಏನೋ ಹೇಳಲು ಹೊರಟವನು, ಅರ್ಡಿಸಳ ಮುಖ ನೋಡಿ ಪ್ರಾರ್ಥನೆಯನ್ನೇ ಶುರು ಮಾಡಿದ.

ಎಲ್ಲರಿಗಿಂತ ಮೊದಲು ಅವಳು ಹಿಡಿ ಮಣ್ಣು ಹಾಕಿದಳು. “ಮಲಗು,” ಎಂದಳು. “ಉಳಿದದ್ದು ನಾನು ನೋಡ್ಕೊಳ್ತೀನಿ.” ಆಗ ಅತ್ತಳು, ಜೋರಾಗಿಯೇ ಅತ್ತಳು. ಸೊಸೆ ಶೆರಿ ತೋಳು ಹಿಡಿದಳು. ಮಣ್ಣು ತುಂಬುವವರೆಗೂ ಅರ್ಡಿಸ್ ಅಲ್ಲಿಂದ ಕದಲಲಿಲ್ಲ.

ಆಮೇಲೆ ಮಗನ ಕಾರಿನ ಹತ್ತಿರ ಹೋಗಿ ಡಿಕ್ಕಿಯ ಮೇಲೆ ಬಡಿದಳು. “ತೆಗಿ.”

“ಈಗ್ಲಾ? ಚರ್ಚಲ್ಲಿ ಊಟ ಕಾಯ್ತಿದೆ ಅಮ್ಮ. ಎಲ್ಲ ನಿನಗೋಸ್ಕರ ಬಂದಿದ್ದಾರೆ.”

“ಅವರು ಬಂದಿರೋದು ಹಂದಿ ಮಾಂಸಕ್ಕೆ, ಕೊಲಾಚಿ ಬನ್ನಿಗೆ. ನಾನಿಲ್ದಿದ್ರೆ ಒಂದು ಹೆಚ್ಚು ಸಿಗುತ್ತೆ. ಗುರುವಾರ ಹೊರಡೋದು ಅಂತ ಬರೆದಿದ್ದಾನೆ, ಇವತ್ತು ಗುರುವಾರ.”

“ಆ ಚಕ್ರ?”

“ದಾರೀಲಿ ಮೆಕ್ಯಾನಿಕ್ಕುಗಳು ಸತ್ತಿದ್ದಾರಾ?”

“ಲಿಂಕನ್‌ನವನು ನಾಳೆ ಬಂದ್ರೆ ನಾನೇನ್ ಹೇಳ್ಲಿ?”

“ಕಾಫಿ ಕೊಟ್ಟು ಕಳಿಸು.”

ಕರ್ಟ್ ಹೆಂಡತಿಯ ಮುಖ ನೋಡಿದ. ಶೆರಿ ಕೀಲಿ ಚಾಚಿದಳು. ಅವನು ಡಿಕ್ಕಿ ತೆರೆದು ಡೇರೆ, ನೀರಿನ ಡಬ್ಬ, ಚಕ್ರ, ಪಾತ್ರೆಯ ಪೆಟ್ಟಿಗೆ ಒಂದೊಂದಾಗಿ ಹೊತ್ತು ಟ್ರಕ್ಕಿಗೆ ಹಾಕಿದ. ಮೆರ್ಲ್ ತನ್ನ ಪಟ್ಟಿಗಳನ್ನು ವಾಪಸು ತೆಗೆದುಕೊಳ್ಳದೆ ಆ ಸಾಮಾನಿನ ಮೇಲೆ ಬಿಗಿದು, ಗಂಟನ್ನು ಎರಡು ಸಲ ಎಳೆದು ನೋಡಿದ. ಕರ್ಟ್ ಕಿಟಕಿಯೊಳಗೆ ತಲೆ ಹಾಕಿ, “ದಿನಾ ಸಂಜೆ ಫೋನ್ ಮಾಡು,” ಎಂದ.

“ಬೇಕಾದಾಗ ಮಾಡ್ತೀನಿ,” ಎಂದು ಅವನ ಕೆನ್ನೆಯ ಧೂಳು ಒರೆಸಿದಳು.

ಸ್ಮಶಾನದ ಗೇಟಿನಲ್ಲಿ ಕಾರುಗಳು ಮತ್ತೆ ಸಾಲಾದವು. ಚರ್ಚು ಎಡಕ್ಕೆ, ಊಟ ಎಡಕ್ಕೆ, ಅವರವರ ಮನೆಯೂ ಎಡಕ್ಕೆ. ಸಾಲಿನ ಮುಂದಿದ್ದ ಹಸಿರು ಟ್ರಕ್ಕಿನ ಕಿಟಕಿಯಿಂದ ಒಂದು ಕೈ ಹೊರಬಂದು, ಮೊಣಕೈ ಮಡಿಸಿ, ನೆಟ್ಟಗೆ ಮೇಲಕ್ಕೆ ನಿಂತಿತು. ಇಂಡಿಕೇಟರಿಲ್ಲದ ಕಾಲದ ಗಾಡಿಯಲ್ಲಿ ಬಲಕ್ಕೆ ಹೋಗುತ್ತೇನೆ ಎಂದು ತೋರಿಸುವುದು ಹಾಗೆ. ಟ್ರಕ್ಕು ಬಲಕ್ಕೆ ತಿರುಗಿತು.

ಅದರ ಹಿಂದೆಯೇ ಇದ್ದ ಡೆಲ್ಬರ್ಟ್ ಬೆಳಗಿನಿಂದ ಆದ ಅಭ್ಯಾಸಕ್ಕೆ ತಾನೂ ಬಲಕ್ಕೆ ಇಂಡಿಕೇಟರ್ ಹಾಕಿದ. ತಕ್ಷಣ ತಿಳಿಯಿತು, ಆದರೂ ಆರಿಸಲಿಲ್ಲ. ಹಿಂದೆ ಇಪ್ಪತ್ತು ಕಾರು ಕಾಯುತ್ತಿದ್ದವು, ಯಾರೂ ಹಾರ್ನ್ ಒತ್ತಲಿಲ್ಲ. ಡೆಲ್ಬರ್ಟ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಪಶ್ಚಿಮದ ಕಡೆ ನೋಡುತ್ತ, ಬಲಗಡೆಯ ದೀಪ ಮಿಣುಕಿಸಿಕೊಂಡು ಗೇಟಿನಲ್ಲೇ ನಿಂತಿದ್ದ.