ಗಾರಾಳ ಕೊರಳಪಟ್ಟಿ

"ನಿಮ್ಮ ಕೈಗೇ ಒಂದ್ಸಲ ಕಟ್ಕೊಂಡು ನೋಡಿ ಮೇಷ್ಟ್ರೇ. ಎಲ್ಲರೂ ಹಾಗೇ ಮಾಡೋದು," ಎಂದು ಯೆಲ್ಕಾ ನಾಯಿಯ ಕೊರಳಪಟ್ಟಿಯನ್ನು ಮುಂದಕ್ಕೆ ತಳ್ಳಿದಾಗ ವೆಲಿಮೀರ್ ಎರಡೂ ಕೈ ಕೋಟಿನ ಜೇಬಿಗೆ ಹಾಕಿಕೊಂಡ.

"ಬೇಡ. ನನಗೆ ಗೊತ್ತು."

ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪಾಠ. ಹೈಸ್ಕೂಲಿನಲ್ಲಿ ಮನಃಶಾಸ್ತ್ರದ ಮೇಷ್ಟ್ರಾಗಿ, ನೋವು ಕೊಟ್ಟರೆ ಪ್ರಾಣಿ ಏನು ಕಲಿಯುತ್ತದೆ, ಏನು ಕಲಿಯುವುದಿಲ್ಲ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತ ಬಂದಿದ್ದ. ಆ ಬಾಣಗಳಿಂದ ಇದುವರೆಗೆ ಯಾರಿಗೂ ಏನೂ ಆಗಿರಲಿಲ್ಲ.

ಅದು ಬೇಟೆ ಸಾಮಾನಿನ ಅಂಗಡಿ. ಗಂಡ ಕಾಡುಕೋಳಿ ಹೊಡೆಯಲು ಹೋದಾಗ ಯೆಲ್ಕಾ ಅಂಗಡಿ ನೋಡಿಕೊಳ್ಳುತ್ತಿದ್ದಳು, ಜೊತೆಗೆ ಊರವರ ಸಮಾಚಾರವನ್ನೂ. ಕೇಳದೆಯೇ ಕಾಫಿ ತಂದಿಟ್ಟಳು. ಪಟ್ಟಿಗಳನ್ನು ಸಾಲಾಗಿ ಇಟ್ಟು, ಇದು ಹಿತ್ತಲಿನಷ್ಟು ದೂರಕ್ಕೆ, ಇದು ಹೊಲದಷ್ಟಕ್ಕೆ, ಇದು ಕಣ್ಣು ಹರಿಯುವಷ್ಟಕ್ಕೆ ಎಂದಳು. ಕೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಎರಡು ಗುಂಡಿ. ಬಿಳಿಯದು ಒತ್ತಿದರೆ ನಾಯಿಯ ಕೊರಳಲ್ಲಿ ಪೀಪ್ ಅನ್ನುತ್ತದೆ, ಕೆಂಪು ಒತ್ತಿದರೆ ಶಾಕ್ ಹೊಡೆಯುತ್ತದೆ.

"ನಾಯಿ ಎಲ್ಲಿವರೆಗೆ ಹೋಗುತ್ತೆ?"

"ನದಿ ಆಚೆಗೆ."

ನದಿಯಾಚೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತು. ಅವನ ಹೆಂಡತಿ ಮಿರ್ಯಾನಾ ವಸಂತದಲ್ಲಿ ಸೂಟ್‌ಕೇಸ್ ಹಿಡಿದು ಸೇತುವೆ ದಾಟಿ ಬಾಡಿಗೆ ಮನೆ ಸೇರಿದ್ದಳು. ಇನ್ನೊಬ್ಬ ಗಂಡಸು ಇದ್ದಿದ್ದರೆ ವೆಲಿಮೀರ್‌ಗೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಯಾರೂ ಇರಲಿಲ್ಲ. "ಇಲ್ಲಿದ್ರೂ ಒಬ್ಬಳೇ, ಅಲ್ಲಿದ್ರೂ ಒಬ್ಬಳೇ. ಅಲ್ಲಾದ್ರೆ ನೀನು ಮಾತಾಡ್ತೀಯೇನೋ ಅಂತ ಕಾಯೋದು ತಪ್ಪುತ್ತೆ," ಎಂದು ಹೇಳಿ ಹೋಗಿದ್ದಳು. ನಾಯಿ ಗಾರಾ ಅವನ ಪಾಲಿಗೆ ಬಂತು. ಅದನ್ನು ಗಾರಾಗೆ ಯಾರೂ ಹೇಳಿರಲಿಲ್ಲ.

ಸಂದು ಸಿಕ್ಕಾಗಲೆಲ್ಲ ಅದು ಲಾರಿಗಳ ರಸ್ತೆ, ಸೇತುವೆ ದಾಟಿ ಅವಳ ಬಾಗಿಲಿಗೆ ಓಡುತ್ತಿತ್ತು. ಅವಳು ವಾಪಸು ಕರೆತಂದು ಹೊಸ್ತಿಲಾಚೆಯೇ ನಿಂತು ಒಪ್ಪಿಸುತ್ತಿದ್ದಳು. ಆ ಒಂದು ಗಳಿಗೆಗಾಗಿ ವೆಲಿಮೀರ್ ಶರ್ಟು ಬದಲಾಯಿಸುತ್ತಿದ್ದ. ಹೋದ ವಾರ ಅವಳು, ಇದೇ ಕೊನೆ, ಇನ್ನೊಂದು ಸಲ ಬಂದರೆ ನಾಯಿ ನನ್ನದು, ಲಾರಿಯಡಿ ಸಾಯಲು ಬಿಡುವುದಿಲ್ಲ ಎಂದಿದ್ದಳು. ನಾಯಿ ಹೋದರೆ ಆ ಗಳಿಗೆಯೂ ಹೋಗುತ್ತದೆ. ನಾಯಿ ಮನೆಯಲ್ಲೇ ಉಳಿದರೂ ಹೋಗುತ್ತದೆ. ಇದು ಅಂಗಡಿಯಲ್ಲೇ ಹೊಳೆಯಿತು. ಹೊಳೆದದ್ದನ್ನು ಕಾಫಿಯ ಜೊತೆ ನುಂಗಿದ.

"ಹಾಗಾದ್ರೆ ಇದೇ ತಗೊಳ್ಳಿ," ಎಂದು ಯೆಲ್ಕಾ ಎಲ್ಲಕ್ಕಿಂತ ದೂರದ ಪಟ್ಟಿ ತೋರಿಸಿದಳು. "ಆ ಕಡೆ ಪಟ್ಟಿ ಚಾಲೂ ಇದ್ರೆ ನಿಮ್ಮ ಕೈಲಿ ಹಸಿರು ದೀಪ ಉರೀತಿರುತ್ತೆ. ಅಲ್ಲಿ ಆರಿಸಿದ್ರೆ ಇಲ್ಲೂ ಆರುತ್ತೆ. ನಮ್ಮದು ಬಯಲು ನೋಡಿ, ಅಡ್ಡ ಬರೋಕೆ ಒಂದು ದಿಬ್ಬಾನೂ ಇಲ್ಲ."

ಅವನು ಅದನ್ನೇ ಕೊಂಡ. ದೂರಕ್ಕಾಗಿ ಎಂದು ತನಗೆ ತಾನೇ ಹೇಳಿಕೊಂಡ. ಹೊರಡುವಾಗ, ಕರೆದರೆ ಬರುವುದನ್ನು ಮೊದಲು ಕಲಿಸಬೇಕು, ಇಲ್ಲದಿದ್ದರೆ ನೋವಾದಾಗ ಪ್ರಾಣಿ ತನಗೆ ಎಲ್ಲಿ ಧೈರ್ಯವೋ ಅಲ್ಲಿಗೆ ಓಡುತ್ತದೆ ಎಂದು ಅವಳಿಗೇ ಪಾಠ ಮಾಡಿದ.

"ನಮ್ಮ ಯಜಮಾನ್ರು ಹೆಂಡದಂಗಡಿಗೆ ಓಡ್ತಾರೆ," ಎಂದಳು ಯೆಲ್ಕಾ. ಆಮೇಲೆ ನೆನಪಾಗಿ, ಇವತ್ತು ನಿಮ್ಮ ಮನೆಸಂತ ಲೂಕನ ಹಬ್ಬ ಅಲ್ಲವೇ, ಹೋದ ವರ್ಷ ಮಿರ್ಯಾನಾ ಮಾಡಿದ್ದ ಕೋಸಿನ ಸುರುಳಿ ಇನ್ನೂ ಬಾಯಲ್ಲಿದೆ ಎಂದಳು. ಬರುತ್ತೇನೆಂದು ಹೇಳಲಿಲ್ಲ.

ಹೇಳುವ ಪದ್ಧತಿಯೂ ಇಲ್ಲ, ಕರೆಯುವ ಪದ್ಧತಿಯೂ ಇಲ್ಲ. ಮನೆತನ ಕಾಯುವ ಸಂತನ ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬರುವವರು ತಾವಾಗಿ ಬರುತ್ತಾರೆ, ಮನೆಯವನು ಬಾಗಿಲು ತೆರೆದಿಟ್ಟಿರಬೇಕು, ಅಷ್ಟೇ. ಸಂತರಲ್ಲಿ ನಂಬಿಕೆ ಇಲ್ಲದ ವೆಲಿಮೀರ್‌ಗೆ ಈ ಪದ್ಧತಿಯಲ್ಲಿ ಮಾತ್ರ ಪೂರ್ತಿ ನಂಬಿಕೆಯಿತ್ತು. ಜನ್ಮದಲ್ಲಿ ಯಾರನ್ನೂ ಕರೆದು ಅವನಿಗೆ ಅಭ್ಯಾಸವಿರಲಿಲ್ಲ.

ಮನೆಗೆ ಬಂದು ಗಾರಾ ಕೊರಳಿಗೆ ಪಟ್ಟಿ ಕಟ್ಟಿದ. ಅದು ಹೊಸ ಒಡವೆ ತೊಟ್ಟವರ ಹಾಗೆ ಕತ್ತು ಎತ್ತಿ ಕೊಟ್ಟಿತು. ಮೇಣದ ಬತ್ತಿ ಹಚ್ಚಿದ. ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ, ಬೇಕರಿಯ ರೊಟ್ಟಿ, ತಟ್ಟೆಗಳು. ಬಾಗಿಲನ್ನು ಒಂದು ಗೇಣು ತೆರೆದಿಟ್ಟ. ಗೇಣು ಸಂದಿನಲ್ಲಿ ನಾಯಿ ನುಸುಳುತ್ತದೆಂದು ತಿಳಿಯದಷ್ಟು ದಡ್ಡನೇನಲ್ಲ. ನಾಯಿ ಹೋದರೆ ಅವಳು ತರಬೇಕು. ಹಬ್ಬದ ದಿನ ಹೊಸ್ತಿಲಿಗೆ ಬಂದವರು ಒಳಗೆ ಬಂದು ಒಂದು ಚಮಚ ಗೋಧಿ ತಿನ್ನದೆ ಹೋಗುವ ಹಾಗಿಲ್ಲ. ಕೊನೇ ಸಲ ಎಂದದ್ದು ಸಿಟ್ಟಿನ ಮಾತು. ಹೀಗೆಲ್ಲ ತಾನು ಲೆಕ್ಕ ಹಾಕಿದ್ದೇನೆಂದು ಅವನು ಒಪ್ಪಿಕೊಳ್ಳುತ್ತಿರಲಿಲ್ಲ.

ಮಹಡಿಯ ಮೇಲಿನ ಮುದುಕ ಬಂದ. ಒಂದು ಚಮಚ ಗೋಧಿ ತಿಂದ. ಉಳಿದವರೆಲ್ಲ ಆಮೇಲೆ ಬರ್ತಾರಾ ಎಂದು ಕೇಳಿದ. ಆಮೇಲೆ ಎಂದ ವೆಲಿಮೀರ್. ಮುದುಕ ಬಾಗಿಲ ಸಂದನ್ನು ಇನ್ನಷ್ಟು ಅಗಲ ಮಾಡಿ ಹೋದ.

ಅಡುಗೆಮನೆಯಿಂದ ಲೋಟ ತರುವಷ್ಟರಲ್ಲಿ ಗಾರಾ ಇರಲಿಲ್ಲ.

ಬಾಲ್ಕನಿಗೆ ಬಂದ. ನಾಯಿ ರಸ್ತೆಯ ಅಂಚಿನಲ್ಲಿತ್ತು. ಅತ್ತ ಲಾರಿ, ಇತ್ತ ಲಾರಿ. ಲೆಕ್ಕವೆಲ್ಲ ತಲೆಯಿಂದ ಹಾರಿಹೋಗಿ ಬರೀ ಹೆದರಿಕೆ ಉಳಿಯಿತು. ಕೂಗಿದರೆ ಕೇಳಿಸುವಷ್ಟೇ ದೂರ. ಬಾಯಿ ತೆರೆದ. ಕೆಳಗೆ ಬೆಂಚಿನಲ್ಲಿ ಕೂತಿದ್ದ ಹೆಂಗಸರು ಮೇಲೆ ನೋಡಿದರು. ಬಾಯಿ ಮುಚ್ಚಿ ಕೆಂಪು ಗುಂಡಿ ಒತ್ತಿದ.

ಗಾರಾ ನೆಲದಿಂದ ಎಗರಿ, ಸುತ್ತ ಒಮ್ಮೆ ತಿರುಗಿ, ಕಚ್ಚಿದ್ದು ಯಾರೆಂದು ಹುಡುಕಿತು. ಅಲ್ಲಿ ಯಾರೂ ಇರಲಿಲ್ಲ. ಅವನು ಮತ್ತೆ ಒತ್ತಿದ. ಅದು ಎರಡು ಲಾರಿಗಳ ನಡುವೆ ನುಗ್ಗಿ, ಸೇತುವೆಯ ಮೇಲೆ ಹಿಂದೆಂದೂ ಓಡದಷ್ಟು ಜೋರಾಗಿ ಆಚೆಗೆ ಓಡಿತು. ಹಲಗೆಯ ಮೇಲಿನ ಬಾಣ ಸರಿಯಾಗಿಯೇ ಇತ್ತು.

ಆಚೆ ದಡದ ಮನೆಯ ಬಾಗಿಲು ತೆರೆಯಿತು. ಮಿರ್ಯಾನಾ ಮೆಟ್ಟಿಲ ಮೇಲೆ ಕುಕ್ಕರಿಸಿ ನಾಯಿಯನ್ನು ತಬ್ಬಿಕೊಂಡಳು. ಅದರ ಕೊರಳಲ್ಲಿ ಬೆರಳಾಡಿಸಿ ಏನನ್ನೋ ಬಿಚ್ಚಿದಳು. ಬಿಚ್ಚಿದ್ದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು. ಈ ಕಡೆಗೆ ತಲೆ ಎತ್ತಲಿಲ್ಲ. ನಾಯಿಯನ್ನು ಒಳಗೆ ಬಿಟ್ಟು, ತಾನೂ ಹೋಗಿ ಬಾಗಿಲು ಹಾಕಿಕೊಂಡಳು.

ಫೋನ್ ಜೇಬಿನಲ್ಲಿತ್ತು. ಹಬ್ಬದ ದಿನ ಕರೆಯುವ ಪದ್ಧತಿ ಇಲ್ಲ.

ಒಳಗೆ ಬಂದು ಕೂತ. ಗೋಧಿಯಲ್ಲಿ ಮುದುಕನ ಚಮಚದ ಗುಳಿ ಹಾಗೇ ಇತ್ತು. ಬತ್ತಿ ಅರ್ಧ ಉರಿದಿತ್ತು. ಕೈಯಲ್ಲಿನ ಡಬ್ಬಿ ನೋಡಿದ. ಹಸಿರು ದೀಪ.

ಹೆಬ್ಬೆರಳನ್ನು ಬಿಳಿ ಗುಂಡಿಗೆ ಸರಿಸಿ ಒತ್ತಿದ. ಅವನಿಗೇನೂ ಕೇಳಿಸಲಿಲ್ಲ. ನದಿಯಾಚೆ, ತಾನು ಒಮ್ಮೆಯೂ ಕಾಲಿಡದ ಮನೆಯಲ್ಲಿ, ಯಾವುದೋ ಮೇಜಿನ ಮೇಲೆ ಖಾಲಿ ಪಟ್ಟಿ ಪೀಪ್ ಎಂದಿರಬೇಕು. ಕಾದ. ಅವಳು ಪಟ್ಟಿಯನ್ನು ಆರಿಸಿಬಿಡಬಹುದಿತ್ತು. ಮತ್ತೆ ಒತ್ತಿದ. ತೆರೆದ ಬಾಗಿಲಿನಿಂದ ಗಾಳಿ ಬಂದು ಬತ್ತಿ ಆರಿಹೋಯಿತು. ಡಬ್ಬಿಯ ದೀಪ ಇನ್ನೂ ಹಸಿರಾಗಿತ್ತು. ಮತ್ತೆ ಒತ್ತಿದ.