ರಿಬ್ಬನ್ನು ಕಟ್ಟಿದ ಸ್ಟೂಲು

"ಅಲ್ಲಾಡಬೇಡ್ವೇ, ಬೈತಲೆ ಸೊಟ್ಟಗಾಗುತ್ತೆ," ಎನ್ನುತ್ತ ಅಮ್ಮ ಪುಟ್ಟಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಡಗಡೆಯ ಜಡೆಗೆ ಕೆಂಪು ರಿಬ್ಬನ್ ಬಿಗಿದಳು. ಬಲಗಡೆಯದನ್ನು ಹೆಣೆದು ಮುಗಿಸಿ ಕೈ ಚಾಚಿದರೆ ರಿಬ್ಬನ್ನೇ ಇಲ್ಲ.

"ಇನ್ನೊಂದು ಎಲ್ಲಮ್ಮ?"

ಅಮ್ಮನಿಗೆ ಆಗ ನೆನಪಾಯಿತು. ತಾನು ಕೆಲಸ ಮಾಡುವ ಲಾಂಡ್ರಿಯಲ್ಲಿದ್ದ ಒಂದೇ ಒಂದು ಸ್ಟೂಲಿನ ಕಾಲು ಅಲ್ಲಾಡುವ ಹಲ್ಲಿನಂತೆ ಆಡುತ್ತಿತ್ತು. ನಿನ್ನೆ ಚೀಲದಲ್ಲಿ ಕೈಗೆ ಸಿಕ್ಕಿದ ರಿಬ್ಬನ್ನಿನಿಂದ ಅದನ್ನು ಬಿಗಿದು ಕಟ್ಟಿ ಬಂದಿದ್ದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಏನಮ್ಮಾ, ಇನ್ನೂ ಮನೇಲೇ ಅಂಡು ಊರ್ಕೊಂಡು ಕೂತಿದೀಯಾ? ಇವತ್ತು ಧಣಿಗಳು ಬರ್ತಾರೆ. ಈಗಿಂದೀಗ್ಲೇ ಬಾ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ!"

ಲಾಂಡ್ರಿಯ ಮೇಲ್ವಿಚಾರಕ. ಪುಟ್ಟಿಗೆ ಶಾಲೆ ರಜೆ, ನೋಡಿಕೊಳ್ಳುವ ಪಕ್ಕದ ಮನೆಯಜ್ಜಿಗೆ ಜ್ವರ. ಒಂದು ಕಡೆ ಬಿಚ್ಚಿಕೊಳ್ಳುತ್ತಿದ್ದ ಜಡೆಯ ಸಮೇತ ಮಗಳನ್ನು ಎಳೆದುಕೊಂಡೇ ಅಮ್ಮ ಹೊರಟಳು.

"ಅಲ್ಲಿ ಬಾಯಿ ಬಿಡಬಾರದು. ಏನಿದ್ರೂ ಆಮೇಲೆ ಕೇಳು."

"ಆಮೇಲೆ ಅಂದ್ರೆ ಯಾವಾಗ?"

"ನೋಡು, ಶುರುವಾಯ್ತು!"

ಹೋಟೆಲುಗಳ ಹಾಸುಬಟ್ಟೆ, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಹಾಕುವ ಲಾಂಡ್ರಿ ಅದು. ಮೇಲ್ವಿಚಾರಕ ಈಚೆಗೆ ಅದೆಲ್ಲೋ ಅಚ್ಚುಕಟ್ಟುತನದ ತರಬೇತಿಗೆ ಹೋಗಿದ್ದ. ಬರುವಾಗ ತಲೆಯಲ್ಲಿ ಏನು ತಂದನೋ ಗೊತ್ತಿಲ್ಲ, ಕೈಯಲ್ಲಂತೂ ಹಳದಿ ಟೇಪಿನ ಉರುಳೆ ತಂದ. ಅಂದಿನಿಂದ ಹೆಂಗಸರ ಬಾಯಲ್ಲಿ ಅವನು ಟೇಪಪ್ಪ. ಬಕೆಟ್ಟಿನ ಸುತ್ತ ನಾಲ್ಕು ಗೆರೆ, ಪೊರಕೆಯ ಸುತ್ತ ನಾಲ್ಕು ಗೆರೆ, ತನ್ನ ಕಾಫಿ ಫ್ಲಾಸ್ಕಿನ ಸುತ್ತಲೂ ನಾಲ್ಕು ಗೆರೆ. ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಪೊರಕೆ ತನ್ನ ಹೆಸರು ಮರೆತುಬಿಟ್ಟೀತು ಎಂಬಂತೆ.

"ಸ್ವಲ್ಪ ಹೊತ್ತು ಅಲ್ಲಾಡದೆ ನಿಂತ್ರೆ ನನ್ನ ಸುತ್ತಾನೂ ಅಂಟಿಸ್ತಾನೆ, ಬೇವರ್ಸಿ," ಎಂದು ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುವ ಬಜಾರಿ ಗೊಣಗಿದಳು. ಬಜಾರಿ ಎಂಬ ಹೆಸರನ್ನು ಅವಳಿಗಿಟ್ಟವನು ಟೇಪಪ್ಪನೇ. ಅವಳು ಅದನ್ನು ಬಿರುದಿನಂತೆ ಹೊತ್ತುಕೊಂಡು ಓಡಾಡುತ್ತಿದ್ದಳು.

ಇಸ್ತ್ರಿ ಹೆಂಗಸರದ್ದು ದಿನವಿಡೀ ನಿಂತ ಕೆಲಸ. ಸ್ಟೂಲಿನ ಮೇಲೆ ಸರದಿಯಂತೆ ಕೂತು ಕಾಲು ಆರಿಸಿಕೊಳ್ಳುತ್ತಿದ್ದರು. ಕಿಟಕಿಯ ಪಕ್ಕದವಳಿಗೆ ತಿಂಗಳು ತುಂಬುತ್ತ ಬಂದ ಮೇಲೆ ಎಲ್ಲರೂ ತಮ್ಮ ಸರದಿಯನ್ನು ಆ ಬಸುರಿಗೇ ಬಿಟ್ಟುಕೊಟ್ಟಿದ್ದರು. ಇವತ್ತು ನೋಡಿದರೆ ಸ್ಟೂಲೇ ಇಲ್ಲ.

"ಸ್ಟೂಲು ಎಲ್ಲಿ ಸಾರ್?" ಅಮ್ಮ ಕೇಳಿದಳು.

"ತೆಗೆಸಿದೆ. ಅನಗತ್ಯ ವಸ್ತು."

"ನಾವು ಕೂರ್ತಿದ್ವಲ್ಲ ಸಾರ್ ಅದ್ರ ಮೇಲೆ."

"ಅದನ್ನೇ ಹೇಳ್ತಿರೋದು. ಇಸ್ತ್ರಿ ಹಾಕೋದು ಕೈ. ಅಂಡಿಗೇನು ಕೆಲಸ ಇಲ್ಲಿ?"

"ಹೌದಾ ಸಾರ್?" ಬಜಾರಿ ಕೇಳಿದಳು. "ಹಾಗಾದ್ರೆ ನಿಮ್ಮ ಅಂಡಿಗೆ ಚಕ್ರದ ಕುರ್ಚಿ ಕೊಟ್ಟಿದಾರಲ್ಲ, ಅದೇನು ಕೆಲಸ ಮಾಡ್ತಿದೆ?"

"ಮುಚ್ಚೇ ಬಾಯಿ, ಮುಂಡೆ!"

ಸಿಟ್ಟಿನಲ್ಲಿ ತಿರುಗಿದವನ ಕಣ್ಣಿಗೆ ಪುಟ್ಟಿ ಬಿದ್ದಳು. "ಇದೇನಿದು?"

"ನನ್ನ ಮಗಳು ಸಾರ್. ಬಿಟ್ಟುಬರೋಕೆ ಯಾರೂ ಇರ್ಲಿಲ್ಲ."

"ಇದಕ್ಕೆ ಜಾಗ ಗುರುತು ಮಾಡಿಲ್ವಲ್ಲ!" ಎಂದು ಟೇಪಪ್ಪ ನಿಜಕ್ಕೂ ಗಾಬರಿಯಾದ. ಧಣಿಗಳು ಬರುವ ದಿನ, ಗೆರೆಯಿಲ್ಲದೆ ಬಿದ್ದಿರುವ ವಸ್ತು! ತನ್ನ ಕೋಣೆಯ ಗಾಜಿನ ಗೋಡೆಯ ಪಕ್ಕದಲ್ಲಿ ಪುಟ್ಟಿಯನ್ನು ಕೂರಿಸಿ, ಸುತ್ತ ಚರಚರನೆ ಟೇಪು ಎಳೆದು, 'ಮಗು' ಎಂದು ಚೀಟಿ ಅಂಟಿಸಿದ. "ಗೆರೆ ದಾಟಿದ್ರೆ ಇಬ್ಬರನ್ನೂ ಹೊರಗೆ ಹಾಕ್ತೀನಿ."

ಅಮ್ಮ ತುಟಿ ಕಚ್ಚಿಕೊಂಡು ಹಾಸುಬಟ್ಟೆ ಹರವಿದಳು. ಮಗಳ ಕಡೆ ನೋಡಿದರೆ ಕೈ ನಿಲ್ಲುತ್ತದೆಂದು ನೋಡಲಿಲ್ಲ.

ಪುಟ್ಟಿ ಮಾತ್ರ ಎಲ್ಲವನ್ನೂ ನೋಡಿದಳು. ಗಾಜಿನಾಚೆ ಟೇಪಪ್ಪನ ಕೋಣೆ. ಮೂಲೆಯಲ್ಲಿ ಜಾಲರಿಯ ಬಟ್ಟೆ ಹೊದ್ದ ಏನೋ ಒಂದು. ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಬಟ್ಟೆಯ ಕೆಳಗೆ ಒಂದು ಮರದ ಕಾಲು ಇಣುಕುತ್ತಿತ್ತು. ಪುಟ್ಟಿ ಗಾಜಿಗೆ ಮೂಗು ಒತ್ತಿದಳು.

"ಅಮ್ಮಾ..."

"ಆಮೇಲೆ."

"ಅಮ್ಮಾ, ಅಲ್ಲಿ ನನ್ನ..."

"ಆಮೇಲೆ ಅಂದೆನಲ್ಲ, ನನ್ನ ಬಂಗಾರ."

ಅಷ್ಟರಲ್ಲಿ ಬಸುರಿಯ ಮುಖ ಅವಳ ಮೇಜಿನ ಮೇಲಿದ್ದ ಬಟ್ಟೆಗಿಂತ ಬೆಳ್ಳಗಾಯಿತು. ಅವಳು ವಾಲಿದಳು. ಅಮ್ಮ ಓಡಿಹೋಗಿ ತೋಳಿಗೆ ತೋಳು ಕೊಟ್ಟು ಸುತ್ತ ನೋಡಿದಳು. ಬಕೆಟ್ಟನ್ನು ಬೋರಲು ಹಾಕೋಣವೆಂದರೆ ಟೇಪಪ್ಪ, "ಏಯ್, ಅದು ಬಕೆಟ್ ಜಾಗ!" ಎಂದು ಕಿರುಚಿದ. ಪುಟ್ಟಿ ತನ್ನ ಗೆರೆಯೊಳಗೇ ಒತ್ತರಿಸಿಕೊಂಡು ಪಕ್ಕದ ನೆಲ ತಟ್ಟಿದಳು. ಅಮ್ಮ ಬಸುರಿಯನ್ನು ಮೆಲ್ಲಗೆ ಅಲ್ಲಿ ಕೂರಿಸಿ ಗೋಡೆಗೆ ಒರಗಿಸಿದಳು.

"ಏಳ್ಸು ಅವಳನ್ನ! ಅದು ಮಗುವಿಗೆ ಅಂತ ಮಾಡಿರೋ ಜಾಗ!"

"ಹೊಟ್ಟೇಲಿರೋದೂ ಮಗೂನೇ ಸಾರ್," ಎಂದಳು ಅಮ್ಮ. "ಚೀಟಿ ಬೇಕಾದ್ರೆ ಇನ್ನೊಂದು ಅಂಟಿಸಿ."

ಬಜಾರಿ ನಕ್ಕ ರಭಸಕ್ಕೆ ಇಸ್ತ್ರಿಪೆಟ್ಟಿಗೆಯೂ ಬುಸ್ಸೆಂದಿತು. ಟೇಪಪ್ಪನ ಬೈಗುಳ ಇನ್ನೂ ಗಂಟಲಲ್ಲಿರುವಾಗಲೇ ಹೊರಗೆ ಕಾರು ನಿಂತಿತು. ಅವನು ಬೈಗುಳ ನುಂಗಿ, ಹಲ್ಲು ಕಿರಿದು, ಬಾಗಿಲಿಗೆ ಓಡಿದ.

ಧಣಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಒಳಗೆ ಬಂದರು. ಬಕೆಟ್ಟಿಗೆ ತಲೆದೂಗಿದರು, ಪೊರಕೆಗೆ ಭೇಷ್ ಎಂದರು. ಗಾಜಿನಾಚೆ ನೋಡಿ, "ಆಹಾ, ಹೂವು! ಹೆಂಗಸರು ದುಡಿಯೋ ಕಡೆ ಹೂವಿರಬೇಕು ನೋಡಿ," ಎಂದರು.

"ನಂದೇ ಐಡಿಯಾ ಸಾರ್," ಎಂದು ಟೇಪಪ್ಪ ಉಬ್ಬಿದ.

"ಇವಳ್ಯಾಕೆ ನೆಲದ ಮೇಲೆ?"

"ಏಯ್, ಏಳೇ ಮೇಲೆ!"

ಬಸುರಿ ನೆಲಕ್ಕೆ ಕೈಯೂರಿದಳು. ಅಮ್ಮ ಅವಳ ಭುಜದ ಮೇಲೆ ಕೈಯಿಟ್ಟು, "ನೀನು ಕೂತಿರು," ಎಂದಳು. ಬಜಾರಿ ತನ್ನ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೈ ಕಟ್ಟಿದಳು. ಉಳಿದವರೂ ನಿಲ್ಲಿಸಿದರು. ಹಬೆಯ ಸದ್ದು ಒಂದೊಂದಾಗಿ ಅಡಗಿತು.

ಆ ಮೌನ ಧಣಿಗೆ ಹಿಡಿಸಲಿಲ್ಲ. ಅದನ್ನು ಮುರಿಯಲೆಂದೇ ಬಗ್ಗಿ ಪುಟ್ಟಿಯ ಗಲ್ಲ ಚಿವುಟಿದರು. "ಏನಮ್ಮಾ ಇದು? ಒಂದು ಕಡೆ ಜಡೆ, ಒಂದು ಕಡೆ ಪೊದೆ! ಇಷ್ಟು ಅಚ್ಚುಕಟ್ಟಾದ ಜಾಗದಲ್ಲಿ ನೀನೊಬ್ಬಳೇ ಹೀಗಾ?" ಎಂದು ನಕ್ಕರು. ಟೇಪಪ್ಪ ಅವರಿಗಿಂತ ಒಂದು ತೂಕ ಹೆಚ್ಚೇ ನಕ್ಕ.

ಪುಟ್ಟಿ ನಗದೆ ಗಾಜಿನತ್ತ ಬೆರಳು ಚಾಚಿದಳು. "ಅಮ್ಮಾ, ಆಮೇಲೆ ಆಯ್ತಾ?"

ಅಮ್ಮ ಆಗ ಮಗಳ ಬೆರಳಿನ ಜಾಡು ಹಿಡಿದು ಗಾಜಿನಾಚೆ ನೋಡಿದಳು. ಹೂಕುಂಡ, ಜಾಲರಿ ಬಟ್ಟೆ, ಮರದ ಕಾಲು. ಕಾಲಿಗೆ ಕೆಂಪು ರಿಬ್ಬನ್. ತಾನೇ ಹಲ್ಲಿನಿಂದ ಕಚ್ಚಿ ಬಿಗಿದಿದ್ದ ಗಂಟು.

"ಆಯ್ತು ಮಗಳೇ, ಅದು ನಮ್ಮ ಸ್ಟೂಲೇ," ಎಂದಳು. "ಈಗ ಕೇಳು. ಗಟ್ಟಿಯಾಗಿ ಕೇಳು."

ಪುಟ್ಟಿ ಎದ್ದು, ಹಳದಿ ಗೆರೆ ದಾಟಿ, ಧಣಿಯ ಮುಂದೆ ನಿಂತಳು.

"ನಮ್ಮಮ್ಮನ ಸ್ಟೂಲಿನ ಮೇಲೆ ಅದನ್ನ ಕೂರಿಸಿದೀರಲ್ಲ, ಪ್ಲಾಸ್ಟಿಕ್ ಹೂವಿಗೂ ನಿಂತೂ ನಿಂತೂ ಕಾಲು ನೋಯುತ್ತಾ?"