ನೀಲಿ ಮುಗಿದ ದಿನ

"ಎರಡೂ ದೀಪ ಹಸಿರಾಗೇ ಇವೆಯಮ್ಮಾ," ಎಂದು ತಂತಿಮಾವ ಯಂತ್ರದ ಹಿಂದಿನಿಂದಲೇ ಕೂಗಿದ. ಮೊಣಕಾಲೂರಿ, ಟಾರ್ಚ್ ಹಿಡಿದು ಮೂರನೆಯ ಸಲ ನೋಡಿದ್ದ. ಆ ದೊಡ್ಡ ಯಂತ್ರದಿಂದ ಹೊರಗೆ ಹೋಗುವುದೇ ಎರಡು ತಂತಿ. ಎರಡನ್ನೂ ಒತ್ತಿ ನೋಡಿದ್ದಾಯಿತು, ಬಿಚ್ಚಿ ಸಿಕ್ಕಿಸಿದ್ದೂ ಆಯಿತು.

"ಹಾಗಾದ್ರೆ ತೊಂದರೆ ಒಳಗೇ ಇದೆ ಮಾವ," ಎಂದಳು ಇಂಜಿನಿಯರ್, ಪರದೆಯಿಂದ ಕಣ್ಣು ಕೀಳದೆ. "ಒಳಗೆ ನಿಮ್ಮ ಟಾರ್ಚ್ ನಡೆಯಲ್ಲ. ಎದ್ದು ಬನ್ನಿ."

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಆಸ್ಪತ್ರೆಯ ಮೂವತ್ತೆಂಟು ಸರ್ವರ್‌ಗಳನ್ನು ಬೆಳಗಿನಿಂದ ಒಂದೊಂದಾಗಿ ಮೇನ್‌ಫ್ರೇಮ್ ಎಂಬ ಈ ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಸಾಗಿಸಿದ್ದರು. ಮೂವತ್ತೇಳು ತಂಟೆಯಿಲ್ಲದೆ ನೆಲೆ ನಿಂತಿದ್ದವು. ಕೊನೆಯದು, ರಕ್ತಪರೀಕ್ಷೆಯ ಲ್ಯಾಬಿನ ಸರ್ವರ್, ಹಟ ಹಿಡಿದಿತ್ತು. ಲ್ಯಾಬಿನವರು ರಿಪೋರ್ಟುಗಳನ್ನು ಕೈಯಲ್ಲಿ ಬರೆದು ಮಹಡಿ ಹತ್ತಿ ಇಳಿಯುತ್ತಿದ್ದರು, ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ ಗೊಣಗುತ್ತಿದ್ದರು. ನಾಲ್ಕರೊಳಗೆ ಸರಿಹೋಗದಿದ್ದರೆ ಎಲ್ಲವನ್ನೂ ಹಳೆಯ ಸರ್ವರ್ ಪೆಟ್ಟಿಗೆಗಳಿಗೇ ಮರಳಿಸಬೇಕೆಂದು ವಿಭಾಗದ ಮುಖ್ಯಸ್ಥರು ಹೇಳಿಹೋಗಿದ್ದರು.

ಆ ಹಳೆಯ ಪೆಟ್ಟಿಗೆಗಳಿಗೆ ಇಪ್ಪತ್ತೆರಡು ವರ್ಷ ತಂತಿ ಎಳೆದವನು ತಂತಿಮಾವ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಲ್ಯಾಬಿಗೆ ನೀಲಿ ತಂತಿ, ವಾರ್ಡಿಗೆ ಹಳದಿ, ಔಷಧದ ಅಂಗಡಿಗೆ ಕೆಂಪು. ಪೆಟ್ಟಿಗೆಗಳ ಬೆನ್ನ ಹಿಂದೆ ತಂತಿಗಳು ಬಾಚಿ ಹೆಣೆದ ಜಡೆಯ ಹಾಗೆ ಇಳಿದು ನೆಲದ ಹಾಸಿನ ಕೆಳಗೆ ಮರೆಯಾಗುತ್ತಿದ್ದವು.

ಮೂರು ತಿಂಗಳ ಹಿಂದೆ ಹೊಸ ಯಂತ್ರ ಬಂದಾಗ ಅವನು ಅದನ್ನೊಂದು ಸುತ್ತು ಹಾಕಿ, "ಮೂವತ್ತೆಂಟಕ್ಕೂ ತಂತಿ ಎಲ್ಲಮ್ಮಾ?" ಎಂದು ಕೇಳಿದ್ದ.

"ತಂತಿ ಇಲ್ಲ ಮಾವ. ಎಲ್ಲ ಇದರ ನೆನಪಿನೊಳಗೇ ಇರ್ತವೆ. ಪ್ರತಿಯೊಂದೂ ತಾನೊಂದು ಬೇರೆ ಯಂತ್ರ ಅಂದ್ಕೊಂಡಿರುತ್ತೆ. ಅವನ್ನ ಜೋಡಿಸೋ ಸ್ವಿಚ್ಚೂ ಬರೀ ಒಂದು ಪ್ರೋಗ್ರಾಮು. ಒಂದು ಸರ್ವರ್ ಹೇಳಿದ್ದನ್ನ ಇನ್ನೊಂದು ಅಲ್ಲೇ ಎತ್ಕೊಳ್ಳುತ್ತೆ. ಹೊರಗಿನ ಲೋಕಕ್ಕೆ ಹೋಗೋ ಮಾತಿಗಷ್ಟೇ ಈ ಎರಡು ತಂತಿ."

"ಅಂದ್ರೆ ಒಂದೇ ಮನೇಲಿ ಮೂವತ್ತೆಂಟು ಜನ ವಾರಗಿತ್ತಿಯರು. ಪಕ್ಕದ ಕೋಣೆಗೆ ಫೋನ್ ಯಾತಕ್ಕೆ, ಕೂಗಿದ್ರೆ ಸಾಕು."

"ಕೂಗಿದ್ರೂ ಎಲ್ಲರಿಗೂ ಕೇಳಿಸಲ್ಲ. ಗುಂಪು ಮಾಡಿರ್ತೀವಿ. ಲ್ಯಾಬಿನ ಗುಂಪಿನ ಮಾತು ಲ್ಯಾಬಿನವಕ್ಕೆ ಮಾತ್ರ."

"ಓಹೋ, ಮಾತು ಬಿಟ್ಟಿರೋ ವಾರಗಿತ್ತಿಯರು! ಹಾಗೆ ಹೇಳು, ಈಗ ಅರ್ಥ ಆಯ್ತು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮರುದಿನವೇ, ಹೊಸ ಜಾಲವನ್ನು ತನ್ನ ಜೊತೆ ನೋಡಿಕೊಳ್ಳಲು ಅವನನ್ನೇ ಕೊಡಬೇಕೆಂದು ಮುಖ್ಯಸ್ಥರಿಗೆ ಪತ್ರ ಬರೆದಿದ್ದಳು. "ತಂತಿ ಕಟ್ಟೋರಿಗೆ ತಂತಿ ಇಲ್ಲದ ಕಡೆ ಏನು ಕೆಲಸ?" ಎಂದು ಅವರು ಅನುಮಾನಿಸಿದ್ದರು. ಆ ಪತ್ರಕ್ಕೆ ಸಹಿ ಬೀಳದಿದ್ದರೆ ಅವನು ನಾಳೆಯಿಂದ ಹಿಂದಿನ ಕಟ್ಟಡದ ಉಗ್ರಾಣಕ್ಕೆ ಹೋಗಬೇಕು. ಸಹಿ ಇಂದು ಸಂಜೆಗೆಂದು ಮಾತಾಗಿತ್ತು.

ಗುಂಪುಗಳ ಪಟ್ಟಿ ಮಾಡಲು ಅವಳು ಹಳೆಯ ಕಡತಗಳನ್ನು ನಂಬಲಿಲ್ಲ. ನಾಲ್ಕು ದಿನ ಪೆಟ್ಟಿಗೆಗಳ ಹಿಂದೆ ನುಸುಳಿ, ಒಂದೊಂದರ ಬೆನ್ನಿಗೂ ಸಿಕ್ಕಿಸಿದ್ದ ತಂತಿಯ ಬಣ್ಣವನ್ನು ಬರೆದುಕೊಂಡಿದ್ದಳು. "ಕಾಗದ ತಪ್ಪಬಹುದು ಸರ್, ಮಾವನ ಬಣ್ಣ ತಪ್ಪಲ್ಲ," ಎಂದು ಮುಖ್ಯಸ್ಥರ ಎದುರೇ ಹೇಳಿದ್ದಳು. ಆ ದಿನ ಮನೆಗೆ ಹೋಗುವಾಗ ತಂತಿಮಾವ ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತ ಕೂತಿದ್ದ.

ಈಗ ಅವನು ಬಂದು ಅವಳ ಕುರ್ಚಿಯ ಹಿಂದೆ ನಿಂತ.

"ನೋಡಿ ಮಾವ, ಲ್ಯಾಬಿನ ಸರ್ವರ್ ಜೀವಂತ ಇದೆ. ರಕ್ತ ಪರೀಕ್ಷೆ ಮಾಡೋ ಯಂತ್ರಗಳೂ ನೆಟ್ಟಗಿವೆ. ಒಂದಕ್ಕೊಂದು ಮಾತೇ ಆಡ್ತಿಲ್ಲ."

"ಮಾತು ಬಿಟ್ಟಿದ್ದಾವೆ," ಎಂದ ಅವನು ತಮಾಷೆಗೆ. ಎಂದವನ ಬಾಯಿ ಅಲ್ಲಿಗೇ ನಿಂತಿತು. "ಅಮ್ಮಾ, ಲ್ಯಾಬಿನ ಸರ್ವರನ್ನ ಯಾವ ಗುಂಪಿಗೆ ಹಾಕಿದೀಯ?"

ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. "ಹಳದಿ. ವಾರ್ಡಿನ ಗುಂಪು. ಅಯ್ಯೋ, ಲ್ಯಾಬಿಂದು ನೀಲಿ ಅಲ್ವಾ? ನಾನೇ ಎಲ್ಲೋ ಕಣ್ಣು ತಪ್ಪಿ ಬರ್ಕೊಂಡಿದೀನಿ!"

ಅವಳ ಕಣ್ಣು ತಪ್ಪಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಲ್ಯಾಬಿನವರು ತಲೆಯ ಮೇಲೆ ಕೂತು ಅವಸರಪಡಿಸಿದ ಒಂದು ದಿನ, ನೀಲಿ ತಂತಿಯ ಸುರುಳಿ ಮುಗಿದುಹೋಗಿತ್ತು. ಈ ಹೊತ್ತಿಗಿರಲಿ ಎಂದು ಅವನು ಹಳದಿಯದನ್ನೇ ಕತ್ತರಿಸಿ, ಆಚೆ ತುದಿಯನ್ನು ಲ್ಯಾಬಿನ ಸರಿಯಾದ ಜಾಗಕ್ಕೇ ಸಿಕ್ಕಿಸಿದ್ದ. ನಾಳೆ ಬದಲಾಯಿಸಿದರಾಯಿತು ಎಂದುಕೊಂಡಿದ್ದ. ಕೆಲಸ ನಡೆಯುತ್ತಿರುವ ತಂತಿಯ ಬಣ್ಣವನ್ನು ಯಾರೂ ಕೇಳಲಿಲ್ಲ. ಕೊನೆಗೆ ಅವನೂ ಮರೆತ.

ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ಮುಖ್ಯಸ್ಥರು ಒಳಗೆ ಬಂದಿದ್ದರು. "ಯಾರಿಂದ ಆದ ತಪ್ಪು?"

"ನನ್ನಿಂದಲೇ ಸರ್. ಪಟ್ಟಿ ಮಾಡುವಾಗ..."

ತಂತಿಮಾವ ನೆಲ ನೋಡಿದ. ಸುಮ್ಮನಿದ್ದರೆ ಸಾಕಿತ್ತು. ಅವಳು ಗುಂಪಿನ ಒಂದು ಅಂಕಿ ತಿದ್ದುತ್ತಿದ್ದಳು, ಎಲ್ಲ ಸರಿಹೋಗುತ್ತಿತ್ತು, ಸಂಜೆ ಸಹಿಯೂ ಬೀಳುತ್ತಿತ್ತು.

"ಮೇಡಂ ಸರಿಯಾಗೇ ಬರ್ಕೊಂಡಿದಾರೆ ಸರ್," ಎಂದ. ಬೇರೆಯವರ ಎದುರು ಅವನು ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ. "ತಂತಿಯೇ ಸುಳ್ಳು. ಅವತ್ತು ನೀಲಿ ಮುಗಿದಿತ್ತು, ನಾನು ಹಳದಿ ಹಾಕಿದೆ. ಎಲ್ಲೂ ಬರೆದಿಡಲಿಲ್ಲ."

ಅವಳು ತಿರುಗಿ ಅವನನ್ನು ನೋಡಿದಳು. ಮತ್ತೆ ಪರದೆಯತ್ತ ತಿರುಗಿ ಗುಂಪಿನ ಅಂಕಿ ಬದಲಿಸಿದಳು. ಮೂವರೂ ಕಾದರು. ಫೋನ್ ರಿಂಗಾಯಿತು. "ಬಂತು, ಬಂತು! ಒಟ್ಟೊಟ್ಟಿಗೇ ಇಪ್ಪತ್ತು ರಿಪೋರ್ಟು ಬಂತು!" ಎಂದು ಲ್ಯಾಬಿನವರು ಚೀರಿದ್ದು ಮುಖ್ಯಸ್ಥರಿಗೂ ಕೇಳಿಸಿತು.

"ಇಂಥವು ಇನ್ನೆಷ್ಟಿವೆ?" ಎಂದರು ಅವರು.

"ಇದೊಂದೇ ಅನ್ನೋಕೆ ಧೈರ್ಯ ಇಲ್ಲ ಸರ್. ಎಲ್ಲಾನೂ ಇನ್ನೊಂದು ಸಲ ನೋಡಬೇಕು," ಎಂದ ತಂತಿಮಾವ.

"ಯಾರು ನೋಡೋದು?"

"ಇವರೇ ನೋಡಬೇಕು ಸರ್," ಎಂದಳು ಅವಳು. "ಯಾವುದು ಯಾಕೆ ಹಾಗಿದೆ ಅಂತ ಇನ್ಯಾರಿಗೆ ಗೊತ್ತು?"

ಮುಖ್ಯಸ್ಥರು ಜೇಬಿನಿಂದ ಪತ್ರ ತೆಗೆದು, ಬಿಡಿಸಿ, ಸಹಿ ಮಾಡದೆ ಮತ್ತೆ ಮಡಿಸಿದರು. "ಅದೆಲ್ಲ ಮುಗಿಯೋವರೆಗೆ ಇವರು ಇಲ್ಲೇ ಇರಲಿ, ಆಮೇಲೆ ಇದು," ಎಂದು ಹೊರಟರು.

"ಒಂದ್ಸಲ ಬೈದುಬಿಡಮ್ಮಾ," ಎಂದ ತಂತಿಮಾವ.

"ಬೈಯೋಕೆ ಪುರುಸೊತ್ತಿಲ್ಲ. ಕೂತ್ಕೊಳ್ಳಿ."

ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಎಳೆದು ಕೊಟ್ಟಳು. ಪರದೆಯ ಮೇಲೆ ಮೂವತ್ತೆಂಟು ಸಾಲು. ಪ್ರತಿ ಸಾಲಿನ ಕೊನೆಯಲ್ಲೂ ಟಿಪ್ಪಣಿಗೆಂದು ಬಿಟ್ಟ ಒಂದು ಖಾಲಿ ಜಾಗ. ಅವಳು ಕೀಲಿಮಣೆಯನ್ನು ಅವನ ಮುಂದಕ್ಕೆ ತಳ್ಳಿದಳು.

"ನಂಗೆ ಇದೆಲ್ಲ ಎಲ್ಲಿ ಬರುತ್ತಮ್ಮಾ? ನಾನು ಹೇಳ್ತೀನಿ, ನೀನು ಬರಿ."

"ಊಹೂಂ. ನೀವೇ ಬರೀರಿ."

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೀಲಿಮಣೆಯ ಮೇಲೆ ಬಾಗಿ, ಒಂದೇ ಬೆರಳಿನಿಂದ 'ನೀಲಿ'ಯ 'ನ' ಹುಡುಕತೊಡಗಿದ. ಅದು ಎಲ್ಲಿದೆಯೆಂದು ಅವಳು ತೋರಿಸಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತ ಕೂತಳು.